ವೃತ್ತಿನೀತಿ ಪಾಠ ಸುಮ್ನೆ ಮಾರ್ಕ್ಸ್‌ಗೆ ಮಾತ್ರನಾ?

ಲಂಚ ತಗೋಬೇಡ, ಸುಳ್ಳು ಹೇಳಬೇಡ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ, ಅದನ್ನು ಇಂಜಿನಿಯರಿಂಗ್‌ನಲ್ಲಿ ಒಂದು ಪಾಠವಾಗಿ ಯಾಕೆ ಓದಬೇಕು, ಕೆಲಸಕ್ಕೆ ಸೇರಿದ ಮೇಲೆ ಅದು ಉಪಯೋಗಕ್ಕೆ ಬರುತ್ತದಾ ಅಂತ ಕೇಳಿದ್ದೀರಿ.

ಬರುತ್ತದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಕಟ್ಟಡ ಭಾರ ತಡೆಯುತ್ತದಾ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ನನ್ನ ಮೇಜಿನ ಮೇಲೆ ಯಾರೂ ದುಡ್ಡಿನ ಕವರ್ ಇಟ್ಟಿಲ್ಲ. ‘ಸಣ್ಣ ಬದಲಾವಣೆ ಅಷ್ಟೇ ಸಾರ್, ಒಂದು ಸೈನ್ ಹಾಕಿಬಿಡಿ’ ಅಂದವರಿಗೆ ಮಾತ್ರ ಲೆಕ್ಕವಿಲ್ಲ.

ಅಂಥ ಸಣ್ಣ ಬದಲಾವಣೆಯೊಂದರ ಕಥೆ ಹೇಳುತ್ತೇನೆ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲ್‌ನಲ್ಲಿ ಜನ ಓಡಾಡಲು ತೂಗುಸೇತುವೆಗಳಿದ್ದವು. ನಾಲ್ಕನೇ ಮಹಡಿಯದರ ನೇರ ಕೆಳಗೆ ಎರಡನೇ ಮಹಡಿಯದು. ಮೊದಲಿನ ಡ್ರಾಯಿಂಗ್‌ನಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಒಂದೊಂದು ರಾಡ್ ಕೂಡ ಎರಡು ಸೇತುವೆಯನ್ನೂ ಹಿಡಿದಿತ್ತು. ಅಷ್ಟುದ್ದದ ರಾಡ್‌ಗೆ ಥ್ರೆಡ್ (ನಟ್ ಕೂರಿಸುವ ಸುರುಳಿ ಗೀರು) ಹಾಕುವುದು ರಗಳೆ ಅಂತ ಅದನ್ನು ಎರಡು ತುಂಡು ಮಾಡಿದರು. ಮೇಲಿನ ಸೇತುವೆ ಚಾವಣಿಗೆ ತೂಗಿತು, ಕೆಳಗಿನದು ಮೇಲಿನ ಸೇತುವೆಗೇ ತೂಗಿತು.

ಹಗ್ಗ ಹಿಡಿದು ಇಬ್ಬರು ಜೋತಾಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಅವರವರ ಭಾರ ಅವರವರ ಕೈಗೆ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ? ಹಗ್ಗಕ್ಕೆ ವ್ಯತ್ಯಾಸವೇ ಇಲ್ಲ, ಮೇಲಿನವನ ಕೈಗೆ ಭಾರ ದುಪ್ಪಟ್ಟು. ಇಲ್ಲಿ ಆ ‘ಕೈ’ ಅಂದರೆ ಮೇಲಿನ ಸೇತುವೆಯ ತೊಲೆಯನ್ನು ಕೆಳಗಿನಿಂದ ಹೊತ್ತ ನಟ್. 1981ರ ಜುಲೈ 17ರ ಸಂಜೆ, ಕೆಳಗೆ ಡಾನ್ಸ್ ನಡೆಯುತ್ತಿದ್ದಾಗ ಎರಡೂ ಸೇತುವೆ ಕುಸಿದವು. 114 ಜನ ಸತ್ತರು.

ಈ ಲೆಕ್ಕಕ್ಕೆ ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು. ಆ ಹಾಳೆಯನ್ನು ಯಾರೂ ಬರೆಯಲಿಲ್ಲ, ಆದರೆ ಡ್ರಾಯಿಂಗ್ ಮೇಲೆ ಇಂಜಿನಿಯರ್ ಮುದ್ರೆ ಇತ್ತು. ಮೊದಲಿನ ವಿನ್ಯಾಸಕ್ಕೇ ನಿಯಮ ಕೇಳುವ ಬಲದ ಸುಮಾರು 60% ಮಾತ್ರ ಇತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಹೊಣೆ ಹೊತ್ತ ಇಂಜಿನಿಯರ್‌ಗಳ ಲೈಸೆನ್ಸ್ ಹೋಯಿತು. ಇಲ್ಲಿ ಲಂಚ ತಿಂದ ಖಳನಾಯಕ ಯಾರೂ ಇಲ್ಲ ಅನ್ನುವುದೇ ನನಗೆ ಜಾಸ್ತಿ ಭಯ ಹುಟ್ಟಿಸುವ ಸಂಗತಿ.

ಇದಕ್ಕೆ ಉಲ್ಟಾ ಉದಾಹರಣೆ ನ್ಯೂಯಾರ್ಕ್‌ನ 59 ಮಹಡಿಯ ಸಿಟಿಕಾರ್ಪ್ ಕಟ್ಟಡ. ಮೂಲೆಯಿಂದ ಬೀಸುವ ಬಿರುಗಾಳಿಗೆ ಅದರ ಬೋಲ್ಟ್ ಜೋಡಣೆಗಳು ಸಾಲವು ಅಂತ 1978ರಲ್ಲಿ ಅದರ ಇಂಜಿನಿಯರ್ ವಿಲಿಯಂ ಲೆಮೆಶೂರಿಯರ್‌ಗೆ ಗೊತ್ತಾಯಿತು. ತಪ್ಪನ್ನು ತಾನೇ ಮಾಲೀಕರಿಗೆ ತಿಳಿಸಿದರು. ರಾತ್ರಿ ಹೊತ್ತು ಉಕ್ಕಿನ ತಟ್ಟೆ ಬೆಸೆದು ಸರಿಮಾಡಿದರು. ಆದರೆ ಜನರಿಂದ ವಿಷಯ ಮುಚ್ಚಿಟ್ಟರು, ಅದು ಹೊರಬಂದಿದ್ದು 1995ರಲ್ಲಿ. ಪಾಠಗಳಲ್ಲಿ ಅವರನ್ನು ಹೀರೋ ಮಾಡುತ್ತಾರೆ. ನಾನಂತೂ ಅರ್ಧ ಮಾರ್ಕ್ಸ್ ಕೊಡುತ್ತೇನೆ. ಆ ಕಟ್ಟಡದ ಸುತ್ತಮುತ್ತ ಇದ್ದವರಿಗೆ ಗೊತ್ತಾಗಬೇಕಿತ್ತು, ಅಲ್ವಾ?

ನನ್ನದೂ ಒಂದಿದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮನೆಗೆ ಹೊರಡುವ ಹೊತ್ತಿಗೆ ಬಂದ ಒಂದು ತಿದ್ದಿದ ಡ್ರಾಯಿಂಗ್‌ಗೆ ನೋಡದೆ ‘ಚೆಕ್ ಮಾಡಿದೆ’ ಅಂತ ಸೈನ್ ಹಾಕಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಲೆಕ್ಕ ಹಾಕಿದೆ, ಪುಣ್ಯಕ್ಕೆ ಸರಿಯಿತ್ತು. ಆದರೂ ನನ್ನ ಮೇಲಿನವರಿಗೆ ಹೋಗಿ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ.

ಈಗ ಸಂಜೆ ಹೊತ್ತು ಯಾರಾದರೂ ಡ್ರಾಯಿಂಗ್ ತಂದರೆ ‘ಲೆಕ್ಕದ ಹಾಳೆ ಎಲ್ಲಿ?’ ಅಂತ ಕೇಳುತ್ತೇನೆ. ಹುಡುಗರು ಮುಖ ಊದಿಸಿಕೊಂಡು ವಾಪಸ್ ಹೋಗುತ್ತಾರೆ.