ಎರಡು ದಿನದ ತರಬೇತಿ ಸಾಕಾ?

ಬಾಲಮಂದಿರದಲ್ಲಿ ಹೊಸದಾಗಿ ಕೌನ್ಸೆಲರ್ ಆಗಿದ್ದೀರಿ, ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಜೊತೆ ಕೆಲಸ ಮಾಡಲು ಎರಡು ದಿನದ ತರಬೇತಿ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಕಾಗುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ 2020ರಲ್ಲಿ 'ಸಂವಾದ್' ಶುರುವಾಯಿತು, ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡಲೆಂದೇ. ಮೊದಲು ಅಲ್ಲಿ ವಿಚಾರಿಸಿ.

ಆದರೆ ಒಂದು ಮಾತು. ಮಗು ಹಾಸಿಗೆ ಒದ್ದೆ ಮಾಡುತ್ತದೆ, ಸುಮ್ನೆ ಸಿಟ್ಟಾಗುತ್ತದೆ, ಪದೇ ಪದೇ ಹೊಟ್ಟೆನೋವು ಅನ್ನುತ್ತದೆ, ಇದನ್ನೆಲ್ಲ ನಾವು ಹಠ ಅಂತ ಬರೆದು ಮುಗಿಸಿಬಿಡುತ್ತೇವೆ ಅಲ್ವಾ? ಅದರ ಹಿಂದೆ ಭಯ ಇರಬಹುದು. ಮೊದಲ ದಿನವೇ 'ಏನಾಯಿತು ಹೇಳು' ಅಂತ ಒತ್ತಾಯ ಬೇಡ. ಟ್ರಾಮಾ ಫೋಕಸ್ಡ್ ಸಿಬಿಟಿ ಅನ್ನೋ, ಆಘಾತಕ್ಕೆ ಒಳಗಾದ ಮಕ್ಕಳಿಗೆ ಮಾತುಕತೆಯ ಮೂಲಕ ಕೊಡುವ ಚಿಕಿತ್ಸೆಯಲ್ಲೂ ಉಸಿರಾಟದ ಅಭ್ಯಾಸ, ಭಾವನೆಗಳಿಗೆ ಹೆಸರಿಡುವುದು ಮೊದಲು, ಮಗುವಿನ ಕಥೆ ಆಮೇಲೆ, ಅದೂ ನಿಧಾನವಾಗಿ. ನೋಡಿಕೊಳ್ಳುವವರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ.

'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಗುವಿಗೆ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ, ಅಂಥ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತರಬೇತಿ ಮುಗಿದ ಮೇಲೂ ಅನುಭವಿಗಳೊಬ್ಬರ ಜೊತೆ ನಿಮ್ಮ ಕೇಸುಗಳನ್ನು ತಪ್ಪದೆ ಚರ್ಚಿಸಿ, ನನ್ನ ಪ್ರಕಾರ ನಿಜವಾದ ಕಲಿಕೆ ಅಲ್ಲೇ ಜಾಸ್ತಿ.