ರಾತ್ರಿ ಕದ್ದು ತಿನ್ನುವ ಚಾಳಿ ವಂಶದಿಂದ ಬರುತ್ತಾ? ಜೀನ್ ಟೆಸ್ಟ್ ಮಾಡಿಸಲಾ?

ಅಮ್ಮನಿಗೂ ಹೀಗೇ ಇತ್ತು, ನನಗೂ ರಾತ್ರಿ ಕದ್ದು ತಿನ್ನುವ ಚಾಳಿ, ಜೀನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ನಾನೂ ಅಲ್ಲೇ ಇದ್ದವಳು.

ನಮ್ಮದು ಚಿಕ್ಕಮಗಳೂರಿನ ಆಲ್ದೂರು ಕಡೆ. ಮಳೆಗಾಲದಲ್ಲಿ ಕಡುಬು ಮಾಡಿದರೆ ದೊಡ್ಡಮ್ಮ ಎಂಟು ಇಳಿಸುತ್ತಿದ್ದರು. 'ನಮ್ಮ ವಂಶಕ್ಕೇ ಹೊಟ್ಟೆಬಾಕತನ ಕಣೇ' ಅಂತ ನಗುತ್ತಿದ್ದರು. ಹಾಸನದಲ್ಲಿ ಕೆಲಸಕ್ಕೆ ಸೇರಿ, ಮದುವೆ ಮಾತು ಶುರುವಾದಾಗ ಆ ಮಾತು ನನ್ನ ತಲೆ ಹೊಕ್ಕಿತು.

ಆಗ ಮಾಡಿದೆ ನೋಡಿ ತಪ್ಪು. ಬೆಳಗಿನ ತಿಂಡಿ ಬಿಟ್ಟೆ. ಬರೀ ಕಾಫಿ. ಮಧ್ಯಾಹ್ನ ಡಬ್ಬಿಯಲ್ಲಿ ಅರ್ಧ ತಿಂದು ಮುಚ್ಚಿಡುವುದು. ಸಂಜೆವರೆಗೂ ನನ್ನಂಥ ಗಟ್ಟಿಗಿತ್ತಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಲೈಟ್ ಹಾಕದೆ, ಫ್ರಿಜ್ ಬೆಳಕಲ್ಲಿ ನಿಂತು, ತಣ್ಣಗಿನ ಅಕ್ಕಿರೊಟ್ಟಿ ಹರಿದು ಹರಿದು ಬಾಯಿಗೆ. ರುಚಿಯೇ ಗೊತ್ತಾಗುತ್ತಿರಲಿಲ್ಲ. ಸದ್ದಾಗಬಾರದು ಅಂತ ಪಾತ್ರೆಯ ಮುಚ್ಚಳವನ್ನು ಕೈವಸ್ತ್ರದ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ನಾಚಿಕೆ. ಅದಕ್ಕೆ ದಂಡ ಅಂತ ಮತ್ತೆ ತಿಂಡಿ ಇಲ್ಲ. ರಾತ್ರಿ ತಿಂದಿದ್ದಕ್ಕೆ ಬೆಳಿಗ್ಗೆ ಉಪವಾಸ ಅಂದುಕೊಂಡಿದ್ದೆ. ಬೆಳಿಗ್ಗೆ ಉಪವಾಸ ಇದ್ದಿದ್ದಕ್ಕೇ ರಾತ್ರಿ ತಿನ್ನುತ್ತಿದ್ದೆ! ಇದನ್ನು ಉಲ್ಟಾ ಹಿಡಿದು ಎರಡು ವರ್ಷ ಕಳೆದೆ.

ಕೊನೆಗೆ ಡಾಕ್ಟರ್ ಹತ್ತಿರ ಹೋದರೆ ಅವರು ಕೇಳಿದ್ದು ಒಂದೇ: 'ರಾತ್ರಿಯದು ಇರಲಿ ಬಿಡಮ್ಮ, ಬೆಳಿಗ್ಗೆ ಏನು ತಿಂದೆ?'

ಹೊಟ್ಟೆಯಿಂದ ಗ್ರೆಲಿನ್ ಅಂತ ಹಸಿವು ಹುಟ್ಟಿಸುವ ಒಂದು ಹಾರ್ಮೋನ್ ಬರುತ್ತೆ. ಜಪಾನಿನವರು 1999ರಲ್ಲಿ ಕಂಡುಹಿಡಿದರು. ಊಟದ ಹೊತ್ತಿಗೆ ಏರುತ್ತೆ, ಉಂಡ ಮೇಲೆ ಇಳಿಯುತ್ತೆ. ಕೊಬ್ಬಿನಿಂದ ಬರುವ ಲೆಪ್ಟಿನ್ 'ಸಾಕು' ಅನ್ನುತ್ತೆ. ಹೊಟ್ಟೆ ಕಟ್ಟಿ ತೂಕ ಇಳಿಸಿದರೆ ಮೊದಲಿನದು ಏರಿ ಎರಡನೆಯದು ಕುಸಿಯುತ್ತೆ. ಅದರ ಜೊತೆ ಹಠಕ್ಕೆ ಬಿದ್ದು ನಾನು ಗೆಲ್ಲೋದುಂಟಾ?

ದೊಡ್ಡಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. 2007ರಲ್ಲಿ ಸುದ್ದಿಯಾದ ಎಫ್‌ಟಿಒ ಜೀನಿನ ಒಂದು ಬಗೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರ ತೂಕ ಸರಾಸರಿ 3 ಕೆಜಿ ಜಾಸ್ತಿ. ಅಂಥವರಿಗೆ ಉಂಡ ಮೇಲೂ ಗ್ರೆಲಿನ್ ಸರಿಯಾಗಿ ಇಳಿಯುವುದಿಲ್ಲ ಅಂತ ಆಮೇಲೆ ಕಂಡುಬಂತು. ಊಟವನ್ನೇ ಬಿಡುವ ಅನೊರೆಕ್ಸಿಯಾ ಕಾಯಿಲೆಗೂ 2019ರಲ್ಲಿ ಜೀನ್‌ಗಳ 8 ಜಾಗ ಸಿಕ್ಕವು. ಆದರೆ ಒಂದೊಂದರ ಪಾಲೂ ಚೂರು ಚೂರು. ನಿಮಗೆ ಈ ಕದ್ದು ತಿನ್ನುವ ಕಾಯಿಲೆ ಇದೆಯೋ ಇಲ್ಲವೋ ಅಂತ ಯಾವ ಜೀನ್ ಟೆಸ್ಟೂ ಹೇಳುವುದಿಲ್ಲ. ಆ ದುಡ್ಡು ಉಳಿಸಿ.

ಇನ್ನೊಂದು. ಹಸಿವು ಜಾಸ್ತಿ ಇರುವುದೇ ಕಾಯಿಲೆ ಅಂದುಕೊಂಡಿದ್ದೀರಿ, ಅಲ್ವಾ? ನಾನು ಒಪ್ಪಲ್ಲ. ದೊಡ್ಡಮ್ಮ ಎಲ್ಲರ ಜೊತೆ ಕೂತು ಎಂಟು ಕಡುಬು ತಿಂದು, ಕೈ ತೊಳೆದು ತೋಟಕ್ಕೆ ಹೋಗುತ್ತಿದ್ದರು. ಅದು ಹಸಿವು. ನಾನು ಕತ್ತಲಲ್ಲಿ ತಿಂದ ನಾಲ್ಕು ರೊಟ್ಟಿ ಕಾಯಿಲೆ.

ಎಂಟು ಗಂಟೆಗೆ ತಿಂಡಿ ತಿನ್ನಿ, ರಾತ್ರಿ ಏನೇ ಆಗಿರಲಿ. ಮನೋವೈದ್ಯರನ್ನು ನೋಡಿ. ಹೋಗಲು ಸಂಕೋಚ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ.

ನನಗೆ ಮೊದಲ ವಾರ ಎರಡು ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ, ಅತ್ತುಬಿಟ್ಟೆ. ತಿಂಗಳಾಗುತ್ತಾ ಬಂದಾಗ ಒಂದು ರಾತ್ರಿ ಗಡಿಯಾರ ನೋಡಿದೆ. ಹನ್ನೊಂದೂ ಮುಕ್ಕಾಲು. ಫ್ರಿಜ್ ನೆನಪೇ ಆಗಿರಲಿಲ್ಲ.