ಒಪ್ಪದ ಅಂಕಣವನ್ನೂ ಅಂಟಿಸಿಟ್ಟವರು

ಶಿರಸಿಯ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ತಂದೆ ಪತ್ರಿಕೆಗಳ ಅಂಕಣಗಳನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ ನೋಟುಪುಸ್ತಕಗಳಲ್ಲಿ ಅಂಟಿಸಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕಟ್ಟನ್ನು ಬಿಚ್ಚಿ ನೋಡಿದೆ. ಒಂದು ಅಂಕಣದ ಅಂಚಿನಲ್ಲಿ “ಇದನ್ನು ಒಪ್ಪಲಾರೆ” ಎಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಒಪ್ಪದ ಮೇಲೆ ಇಟ್ಟುಕೊಂಡದ್ದೇಕೋ ತಿಳಿಯದು. ಅಂಕಣ ಓದಿ ಯಾರಾದರೂ ಬದಲಾದದ್ದುಂಟೇ, ಅಭಿಪ್ರಾಯಗಳು ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತವಲ್ಲ ಎಂದು ಮಗ ಕೇಳುತ್ತಾನೆ. ನೀವೇನು ಹೇಳುತ್ತೀರಿ? ಈ ಪುಸ್ತಕಗಳನ್ನು ಏನು ಮಾಡಲಿ?’

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿಸಿದೆ. ಮಗನ ಪ್ರಶ್ನೆಗೆ ಉತ್ತರ ತಂದೆಯವರ ಪೆನ್ಸಿಲಿನ ಆ ಎರಡು ಪದಗಳಲ್ಲೇ ಇದೆ ಎನ್ನುವುದು ನನ್ನ ನಂಬಿಕೆ. ಒಪ್ಪಿದ್ದನ್ನು ಕತ್ತರಿಸಿಡುವವರು ಬಹಳ ಮಂದಿ. ಒಪ್ಪದ ಬರಹವನ್ನೂ ಅಂಟು ಕಲಸಿ, ಅಂಚು ನೇರ ಮಾಡಿ ಜೋಪಾನ ಮಾಡುವವರು, ಬರೆದವನ ಜೊತೆ ವಾದ ಇನ್ನೂ ಮುಗಿದಿಲ್ಲ ಎಂದುಕೊಂಡವರು. ಅಂಕಣಕಾರನಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದೂ ಇಲ್ಲ. ಪ್ರಭಾವವೆಂದರೆ ಓದುಗ ಬರೆದವನ ಹಿಂದೆ ತಲೆಯಾಡಿಸುತ್ತ ಹೋಗುವುದು ಎಂದುಕೊಂಡರೆ ಅಂಕಣಗಳ ಪ್ರಭಾವ ಕಡಿಮೆಯೇ. ಓದುಗನಿಗೆ ತನ್ನ ನಿಲುವೇನು ಎಂದು ಕೇಳಿಕೊಳ್ಳಲೇಬೇಕಾಗುವುದೂ ಪ್ರಭಾವವೇ ಆದರೆ, ಅದಕ್ಕೆ ಕನ್ನಡ ಪತ್ರಿಕೆಗಳಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ.

ಟಿ.ಎಸ್. ರಾಮಚಂದ್ರರಾಯರು ‘ಪ್ರಜಾವಾಣಿ’ಯಲ್ಲಿ ಬರೆಯುತ್ತಿದ್ದ ‘ಛೂಬಾಣ’ವನ್ನು ಹಳಬರು ಇಂದಿಗೂ ನೆನೆಯುತ್ತಾರೆ. ರಾಜ್ಯ ಸರ್ಕಾರ ಪತ್ರಕರ್ತರಿಗೆ ನೀಡುವ ಟಿಎಸ್ಆರ್ ಪ್ರಶಸ್ತಿ ಇರುವುದು ಅವರ ಹೆಸರಿನಲ್ಲೇ. ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಕಾದಂಬರಿಯಲ್ಲ, ಕವನ ಸಂಕಲನವಲ್ಲ. ಅಂಕಣ ಬರಹಗಳ ಪುಸ್ತಕ. ಬೆಳಿಗ್ಗೆ ಓದಿ ಸಂಜೆಗೆ ಮರೆಯುವಂಥದ್ದು ಎಂದು ಪತ್ರಿಕಾ ಬರಹವನ್ನು ಪಕ್ಕಕ್ಕೆ ಸರಿಸುವವರಿಗೆ ಆ ಪ್ರಶಸ್ತಿಯನ್ನು ನಾನು ಈಗಲೂ ನೆನಪಿಸುತ್ತೇನೆ.

ಲಂಕೇಶರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. 1980ರಲ್ಲಿ ಅವರು ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಜಾಹೀರಾತು ಬೇಡವೆಂದರು, ಓದುಗ ಕೊಡುವ ಕಾಸಿನಿಂದಲೇ ಪತ್ರಿಕೆ ನಡೆಯಬೇಕಿತ್ತು. ಅವರ ‘ಟೀಕೆ ಟಿಪ್ಪಣಿ’ ಅಧಿಕಾರದಲ್ಲಿದ್ದವರನ್ನು ವಾರವಾರವೂ ಹೆಸರು ಹಿಡಿದು ಪ್ರಶ್ನಿಸಿತು. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರ ಹೋಗಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಅದರ ಕೀರ್ತಿಯಲ್ಲಿ ಆ ಪತ್ರಿಕೆಗೂ ಪಾಲು ಕೊಟ್ಟವರಿದ್ದಾರೆ. ರೈತರ ಹೋರಾಟ, ಗೋಕಾಕ್ ಚಳವಳಿ ಎಲ್ಲವೂ ಕೂಡಿ ಆದ ಬದಲಾವಣೆ ಅದು. ಹಾಗಾಗಿ ಸರ್ಕಾರ ಉರುಳಿಸಿದ ಲೇಖನಿ ಎಂಬ ಮಾತನ್ನು ನಾನು ಆಡುವುದಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ಆ ಪತ್ರಿಕೆಯನ್ನು ಓದುತ್ತಿದ್ದವರು ತಾವೇ ಬರೆಯತೊಡಗಿದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿ ಮಾಡಿದವರು. ಒಬ್ಬರ ಧೈರ್ಯದ ಬರಹ ಇನ್ನೊಬ್ಬರ ಕೈಗೆ ಪೆನ್ನು ಕೊಡುವುದನ್ನು ಯಾವ ಮತ ಎಣಿಕೆಯೂ ತೋರಿಸಲಾರದು.

ಸದ್ದಿಲ್ಲದೆ ನಡೆಯುವ ಪ್ರಭಾವವೂ ಇದೆ. ನಿಮ್ಮ ಸೀಮೆಯವರೇ ಆದ ನಾಗೇಶ ಹೆಗಡೆಯವರ ವಿಜ್ಞಾನ ಅಂಕಣ ಓದಿ ಅಣುಸ್ಥಾವರ, ಕೀಟನಾಶಕಗಳ ಬಗ್ಗೆ ಮನೆಯ ಜಗಲಿಯಲ್ಲಿ ವಾದ ಮಾಡಿದವರನ್ನು ನೀವೂ ಕಂಡಿರಬಹುದು. ಶ್ರೀಪಡ್ರೆಯವರು ಮಳೆಕೊಯ್ಲಿನ ಬಗ್ಗೆ ಬರೆದಾಗ ಓದುಗರು ಇಂಗುಗುಂಡಿ ತೋಡಲು ಹೊರಟರು. ನಮ್ಮಲ್ಲೂ ನೀರಿನ ಕುರಿತ ಲೇಖನಕ್ಕೆ ಬರುವ ಪತ್ರಗಳು ‘ಭಾಷೆ ಸೊಗಸಾಗಿದೆ’ ಎನ್ನುವುದಿಲ್ಲ. ಇಳಿಜಾರಿನಲ್ಲಿ ಗುಂಡಿ ಎಲ್ಲಿ ತೋಡಬೇಕು, ಮನೆಯ ಪಾಯದಿಂದ ಎಷ್ಟು ದೂರ ಇರಬೇಕು ಎಂದು ಕೇಳುತ್ತವೆ. ಅಂಥ ಪತ್ರ ಬಂದ ದಿನ ನನಗೆ ಈ ಕೆಲಸದ ಮೇಲೆ ಪ್ರೀತಿ ಹೆಚ್ಚುತ್ತದೆ.

ಇನ್ನು ಮೊಬೈಲಿನ ಮಾತು. ಅಲ್ಲಿ ಒಳ್ಳೆಯದನ್ನು ಬರೆಯುವವರು ಖಂಡಿತ ಇದ್ದಾರೆ. ಆದರೆ ಅಲ್ಲಿ ನಾವು ಒತ್ತಿದ್ದರ ಹಿಂದೆ ಅದೇ ಜಾತಿಯದು ಬರುತ್ತದೆ. ಪತ್ರಿಕೆಯ ಪುಟದಲ್ಲಿ ನಿಮ್ಮ ಮೆಚ್ಚಿನವರ ಪಕ್ಕದ ಕಾಲಂನಲ್ಲೇ ನಿಮಗೆ ಆಗದವರೂ ಇರುತ್ತಾರೆ. ಕಣ್ಣು ತಪ್ಪಿಸಿದರೂ ಶೀರ್ಷಿಕೆಯಾದರೂ ಬೀಳುತ್ತದೆ. ಮೇಲಾಗಿ ಅಂಕಣಕಾರ ಮುಂದಿನ ವಾರವೂ ಅದೇ ಜಾಗಕ್ಕೆ, ಅದೇ ಓದುಗರ ಎದುರಿಗೆ ಬರಲೇಬೇಕು. ಕಳೆದ ತಿಂಗಳು ಬರೆದದ್ದಕ್ಕೆ ಉಲ್ಟಾ ಬರೆದರೆ ಕತ್ತರಿಸಿಟ್ಟುಕೊಂಡವರು ಪತ್ರ ಹಾಕುತ್ತಾರೆ. ನಿಮ್ಮ ತಂದೆಯವರಂಥ ಓದುಗರು ಇದ್ದುದರಿಂದಲೇ ಎಷ್ಟೋ ಅಂಕಣಕಾರರು ಎಚ್ಚರದಿಂದ ಬರೆದರು.

ಎಲ್ಲ ಅಂಕಣಗಳೂ ಈ ಮಾತಿಗೆ ಯೋಗ್ಯವೆಂದು ನಾನು ಹೇಳುವುದಿಲ್ಲ. ಹೆಸರು ನೋಡಿದ ಕೂಡಲೇ ಯಾರನ್ನು ಹೊಗಳಿ ಯಾರನ್ನು ಬೈದಿದ್ದಾರೆಂದು ಗೊತ್ತಾಗುವ ಅಂಕಣಗಳಿವೆ. ಅವು ಪಕ್ಷದ ಕರಪತ್ರಗಳು. ಅಂಥವುಗಳಿಗೆ ಜಾಗ ಕೊಡುವ ಸಂಪಾದಕರೂ ಉತ್ತರ ಕೊಡಬೇಕು.

ನೋಟುಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಮೈದಾ ಅಂಟಿಗೆ ಹುಳು ಬರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂಟಿದ್ದನ್ನು ಕೀಳಲು ಹೋಗಬೇಡಿ. ಮೊದಲು ಪ್ರತಿ ಪುಟವನ್ನೂ ಅಂಚಿನ ಬರಹ ಸೇರುವಂತೆ ಫೋಟೊ ತೆಗೆಯಿರಿ. ಆ ಕೆಲಸವನ್ನು ಮಗನಿಗೇ ವಹಿಸಿ, ಮೊಬೈಲು ಅವನ ಕೈಯಲ್ಲೇ ಇದೆಯಲ್ಲ. ಆಮೇಲೆ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಹತ್ತಿರದ ಕಾಲೇಜು ಗ್ರಂಥಾಲಯದವರು ಆಸಕ್ತಿ ತೋರಿದರೆ ಪ್ರತಿಗಳನ್ನು ಅವರಿಗೂ ಕೊಡಬಹುದು. ಯಾವ ಅಂಕಣ ಬಂತೆಂದು ಪತ್ರಿಕೆಯ ಕಡತಗಳಲ್ಲಿ ಸಿಗುತ್ತದೆ. ಓದುಗನೊಬ್ಬ ಅದನ್ನು ಹೇಗೆ ಓದಿದ ಎಂಬುದು ಇಂಥ ಪುಸ್ತಕಗಳಲ್ಲಿ ಮಾತ್ರ ಸಿಗುತ್ತದೆ.

ಕೊನೆಗೊಂದು ಕೋರಿಕೆ, ನಿಮಗೂ ಈ ಪುಟ ಓದುತ್ತಿರುವ ಎಲ್ಲರಿಗೂ. ಅಂಕಣಕಾರರಿಗೆ ಬೈಗುಳ ಬೇಗ ತಲುಪುತ್ತದೆ, ಮೆಚ್ಚುಗೆ ತಲುಪುವುದು ಹೆಚ್ಚಾಗಿ ಶ್ರದ್ಧಾಂಜಲಿ ಸಭೆಯಲ್ಲಿ. ಅವರು ಬರೆಯುತ್ತಿರುವಾಗಲೇ ಒಂದು ಪತ್ರ ಹಾಕಿ. ಅವರ ಹೆಸರು ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಸಾಕು; ನಮ್ಮ ಕಚೇರಿಗೆ ಬಂದುದನ್ನು ನಾವು ಒಡೆಯದೆ ಅವರಿಗೆ ಮುಟ್ಟಿಸುತ್ತೇವೆ. ‘ಚೆನ್ನಾಗಿದೆ’ ಎಂದಷ್ಟೇ ಬರೆಯಬೇಡಿ. ಯಾವ ಮಾತು ಹಿಡಿಸಿತು, ಯಾವುದನ್ನು ಒಪ್ಪಲಾಗಲಿಲ್ಲ, ಏಕೆ ಎಂಬುದನ್ನು ಬರೆಯಿರಿ.

— ಸಂಪಾದಕ